ಅಂಜೂರ ತಂದ ಹಿರಿಯರಿಗೆ, ಅಡ್ಡಗದ್ದೆಯಿಂದ

ಮಾನ್ಯ ಮಾರ್ಕಸ್ ಪೋರ್ಸಿಯಸ್ ಕೇಟೋ ಅವರಿಗೆ,

ಶೃಂಗೇರಿ ತಾಲ್ಲೂಕು ಅಡ್ಡಗದ್ದೆಯ ಒಬ್ಬ ತೋಟಗಾರ ಮಾಡುವ ನಮಸ್ಕಾರಗಳು.

ನೀವು ತೀರಿಕೊಂಡು 2,170 ವರ್ಷ ದಾಟಿದೆ. ನಿಮ್ಮದು ರೋಮ್, ನನ್ನದು ತುಂಗೆಯ ಸೀಮೆ. ಎತ್ತಣ ಸಂಬಂಧ ಎಂದು ನನ್ನ ಮನೆಯವಳೇ ಕೇಳಿದಳು. ಸಂಬಂಧ ಇದೆ. ನೀವು ಸೇನಾಪತಿಯಾಗಿದ್ದಿರಿ, ಕಾನ್ಸಲ್ ಆಗಿದ್ದಿರಿ, ಸೆನ್ಸಾರ್ ಎಂಬ ದೊಡ್ಡ ಅಧಿಕಾರದಲ್ಲಿದ್ದಿರಿ. ಅದೆಲ್ಲದರ ಜೊತೆಗೆ ನೀವು ಬೇಸಾಯದ ಮನುಷ್ಯ. ಗೊಬ್ಬರಗುಂಡಿ ದೊಡ್ಡದಾಗಿರಲಿ ಎಂದು ಬರೆದಿದ್ದೀರಿ. ಎಣ್ಣೆಗಾಣ ಹೇಗಿರಬೇಕು, ಬಳ್ಳಿ ಹೇಗೆ ಕಡಿಯಬೇಕು, ಕೋಸು ತಿಂದರೆ ಯಾವ ಯಾವ ಕಾಯಿಲೆ ವಾಸಿ ಎಂದೆಲ್ಲ ಬರೆದಿಟ್ಟಿದ್ದೀರಿ. ಲ್ಯಾಟಿನ್ ಗದ್ಯದಲ್ಲಿ ಪೂರ್ತಿಯಾಗಿ ಉಳಿದು ಬಂದಿರುವ ಅತಿ ಹಳೆಯ ಪುಸ್ತಕ ನಿಮ್ಮ ಆ ಬೇಸಾಯದ ಪುಸ್ತಕವೇ. ಒಬ್ಬ ತೋಟದವನು ಇನ್ನೊಬ್ಬ ತೋಟದವನಿಗೆ ಬರೆಯುವ ಸಲಿಗೆಯಿಂದ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿಕೊಟ್ಟು ನಿವೃತ್ತನಾದವನು. ರೋಮಿಗೂ ಆಫ್ರಿಕಾದ ಕಾರ್ಥೇಜಿಗೂ ನಡೆದ ಮೂರು ಯುದ್ಧಗಳನ್ನು ಪ್ರತಿವರ್ಷ ಒಂದೇ ಪಿರಿಯಡ್‌ನಲ್ಲಿ ಮುಗಿಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಹ್ಯಾನಿಬಲ್ ಬಗ್ಗೆ ಅವನ ಊರಿನವರು ಏನು ಬರೆದಿದ್ದಾರೆ?" ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಆನೆಗಳ ಜೊತೆ ಆಲ್ಪ್ಸ್ ದಾಟಿದ್ದನ್ನು ನಮಗೆ ತಿಳಿಸಿದವನು ಗ್ರೀಕನಾದ ಪೊಲಿಬಿಯಸ್, ಆಮೇಲೆ ರೋಮಿನ ಲಿವಿ. ಕಾರ್ಥೇಜಿನವರು ತಮ್ಮ ಭಾಷೆಯಲ್ಲಿ ಬರೆದುಕೊಂಡ ಇತಿಹಾಸ ಒಂದೂ ಉಳಿದಿಲ್ಲ. "ಏನೂ ಉಳಿದಿಲ್ಲಮ್ಮ" ಎಂದೆ. ಅವಳು ಕೂತುಕೊಂಡಳು. ಆ ಉತ್ತರ ಮಾತ್ರ ನನ್ನಲ್ಲಿ ಕೂರಲಿಲ್ಲ. ಈ ಕಾಗದ ಅಲ್ಲಿಂದ ಹುಟ್ಟಿದ್ದು.

ಮೊದಲು ಅಂಜೂರದ ವಿಷಯ. ಪ್ಲುಟಾರ್ಕ್ ಬರೆದಿದ್ದಾನೆ: ನೀವು ಸೆನೆಟಿನಲ್ಲಿ ಟೋಗದ ಮಡಿಕೆ ಕೊಡವಿದಿರಿ, ಆಫ್ರಿಕಾದ ಅಂಜೂರದ ಹಣ್ಣು ನೆಲಕ್ಕೆ ಬಿತ್ತು. ಅದರ ಗಾತ್ರ, ಅದರ ಚೆಲುವು ನೋಡಿ ಸಭೆಯವರು ಬೆರಗಾದರು. ಇದು ಬೆಳೆದ ನೆಲ ಇಲ್ಲಿಂದ ಹಡಗಿನಲ್ಲಿ ಮೂರೇ ದಿನದ ದಾರಿ ಎಂದಿರಿ. ಅಲ್ಲಿಂದ ಮುಂದೆ ಯಾವ ವಿಷಯದ ಮೇಲೆ ಮಾತು ಎದ್ದರೂ, ರಸ್ತೆ ಇರಲಿ, ಕಂದಾಯ ಇರಲಿ, ಕೊನೆಗೆ ಒಂದೇ ಮಾತು: ಕಾರ್ಥೇಜ್ ಇರಕೂಡದು.

ಹಿರಿಯರೇ, ಈ ದೃಶ್ಯವನ್ನು ನಾನು ನೂರು ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ. ಬೇರೆಯವರ ತೋಟದ ಒಳ್ಳೆಯ ಹಣ್ಣು ಕೈಗೆ ಸಿಕ್ಕಿದರೆ ತೋಟದವನು ಏನು ಮಾಡುತ್ತಾನೆ? ಕೊಯ್ದು ರುಚಿ ನೋಡುತ್ತಾನೆ. ಯಾವ ಜಾತಿ, ಎಂಥ ಮಣ್ಣು, ನೀರು ಎಷ್ಟು ದಿನಕ್ಕೊಮ್ಮೆ ಎಂದು ವಿಚಾರಿಸುತ್ತಾನೆ. ಅಂಜೂರ ಕಡ್ಡಿ ನೆಟ್ಟರೆ ಬರುವ ಗಿಡ. ನಾಲ್ಕು ಕಡ್ಡಿ ಸಿಕ್ಕೀತೇ ಎಂದು ಕೇಳುತ್ತಾನೆ. ನೀವು ಅದೇ ಹಣ್ಣನ್ನು ಹಿಡಿದು ಹಗೆಗೆ ಸಾಕ್ಷಿ ಮಾಡಿದಿರಿ. ಅಲ್ಲಿ ಬೆಳೆ ಚೆನ್ನಾಗಿದೆ ಎಂಬುದೇ ಅವರ ಅಪರಾಧವಾಯಿತು.

ನಿಮ್ಮ ಮೇಲೆ ಬರೀ ತಪ್ಪು ಹೊರಿಸುವುದು ನ್ಯಾಯವಲ್ಲ, ಬಲ್ಲೆ. ಹ್ಯಾನಿಬಲ್ ಇಟಲಿಯನ್ನು ಸುಡುತ್ತ ತಿರುಗುತ್ತಿದ್ದಾಗ ನೀವು ಹದಿನೇಳರ ಹುಡುಗ. ಆಗಲೇ ಕತ್ತಿ ಹಿಡಿದು ಹೊರಟಿರಿ. ಕ್ರಿ.ಪೂ. 216ರಲ್ಲಿ ಕ್ಯಾನೇ ಬಯಲಿನಲ್ಲಿ ನಿಮ್ಮವರು ಒಂದೇ ದಿನ ಸಾವಿರ ಸಾವಿರ ಸಂಖ್ಯೆಯಲ್ಲಿ ಹೆಣವಾದರು. ಆ ಕಡೆ ಒಂಬತ್ತು ವರ್ಷದ ಹ್ಯಾನಿಬಲನಿಂದ ಅವನ ಅಪ್ಪ ಬಲಿಪೀಠದ ಮುಂದೆ ಪ್ರಮಾಣ ಮಾಡಿಸಿಕೊಂಡಿದ್ದ: ರೋಮಿಗೆ ಎಂದೂ ಗೆಳೆಯನಾಗುವುದಿಲ್ಲ ಎಂದು. ಒಂಬತ್ತು ವರ್ಷದ ಮಗುವಿಗೆ ಹಗೆ ಕಲಿಸಿದ ಅಪ್ಪನನ್ನು ನಾನು ಕ್ಷಮಿಸಲಾರೆ. ಆದರೆ ಅಂಜೂರದ ಆ ದಿನ ನಿಮಗೆ ಎಂಬತ್ತು ದಾಟಿತ್ತು. ಕ್ರಿ.ಪೂ. 202ರಲ್ಲಿ ಝಾಮಾದಲ್ಲಿ ಕಾರ್ಥೇಜ್ ಸೋತು ಅರ್ಧ ಶತಮಾನವಾಗಿತ್ತು. ಹತ್ತು ಸಾವಿರ ಟ್ಯಾಲೆಂಟ್ ಬೆಳ್ಳಿಯ ದಂಡವನ್ನು ಅವರು ಐವತ್ತು ಕಂತಿನಲ್ಲಿ ಕಟ್ಟಿ ಮುಗಿಸುತ್ತಿದ್ದರು. ರೋಮಿನ ಅಪ್ಪಣೆ ಇಲ್ಲದೆ ಯುದ್ಧ ಮಾಡುವಂತಿರಲಿಲ್ಲ. ನುಮಿಡಿಯಾದ ರಾಜ ಮಾಸಿನಿಸ್ಸಾ ಅವರ ನೆಲವನ್ನು ತುಂಡು ತುಂಡಾಗಿ ಒತ್ತುತ್ತಿದ್ದ. ತಡೆಯಲಾರದೆ ಅವರು ಅವನ ಮೇಲೆ ಆಯುಧ ಎತ್ತಿದರು. ನಿಮಗೆ ಬೇಕಾಗಿದ್ದ ನೆಪ ಸಿಕ್ಕಿತು. ನಿಮ್ಮ ಸಭೆಯಲ್ಲೇ ಸಿಪಿಯೋ ನಸಿಕಾ ಎಂಬವನು ಪ್ರತಿ ಮಾತಿನ ಕೊನೆಗೆ ಕಾರ್ಥೇಜ್ ಉಳಿಯಬೇಕು ಎನ್ನುತ್ತಿದ್ದ. ಎದುರಿಗೊಬ್ಬ ಸಮಾನನಿದ್ದರೆ ನಮ್ಮ ಜನ ಹದದಲ್ಲಿರುತ್ತಾರೆ ಎಂಬುದು ಅವನ ವಾದ. ಅವನ ಮಾತು ಸೋತಿತು.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ನಮಗೂ ಬೇಲಿಯಾಚೆಯ ಮನೆಗೂ ಅಜ್ಜನ ಕಾಲದಿಂದ ನೀರಿನ ಜಗಳ. ಗುಡ್ಡದ ಅಬ್ಬಿಯ ನೀರು ಅಡಿಕೆ ದಂಬೆಯಲ್ಲಿ ಹರಿದು ಬರುತ್ತಿತ್ತು. ಬೇಸಿಗೆಯಲ್ಲಿ ಅದು ಮೊದಲು ಯಾರ ತೋಟಕ್ಕೆ ಇಳಿಯಬೇಕು ಎಂಬುದಷ್ಟೇ ಜಗಳ. ಅಷ್ಟಕ್ಕೇ ಎರಡು ಮನೆಯವರು ಮದುವೆ, ಮುಂಜಿಗೆ ಹೋಗಿಬರುವುದು ನಿಂತಿತ್ತು. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಅವರ ತೋಟಕ್ಕೆ ಹಳದಿ ಎಲೆ ರೋಗ ಬಂತು. ಹೊರಸುತ್ತಿನ ಸೋಗೆಯ ಗರಿಗಳು ತುದಿಯಿಂದ ಹಳದಿಯಾಗುತ್ತ ಬರುತ್ತವೆ, ಎಳೆಗಾಯಿ ಉದುರುತ್ತದೆ, ಒಡೆದು ನೋಡಿದರೆ ತಿರುಳು ಕಪ್ಪು. ನಿಧಾನಕ್ಕೆ ಮರದ ತಲೆಯೇ ಸಣ್ಣದಾಗುತ್ತದೆ. ಶೃಂಗೇರಿ, ಕೊಪ್ಪ ಕಡೆಯವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಇವತ್ತಿಗೂ ಮದ್ದಿಲ್ಲ. ಒಂದು ಬೆಳಿಗ್ಗೆ ನಮ್ಮ ಚಿಕ್ಕಪ್ಪ ಬೇಲಿಯ ಈಚೆ ನಿಂತು ಆ ತೋಟವನ್ನು ಬಹಳ ಹೊತ್ತು ನೋಡಿದರು. ಏನೂ ಆಡಲಿಲ್ಲ. ಅವರ ಮುಖದಲ್ಲಿ ಒಂದು ಸಮಾಧಾನವಿತ್ತು. ಅದನ್ನು ನಾನು ಕಂಡೆ, ಕಂಡು ಸುಮ್ಮನಿದ್ದೆ. ನನ್ನೊಳಗೂ ಅದೇ ಇತ್ತು.

ಮೂರನೆಯ ವರ್ಷ ನಮ್ಮ ತೋಟದ ಕೆಳಗಿನ ಸಾಲು ಹಳದಿಯಾಯಿತು. ಸೋಗೆಯ ರಸ ಹೀರುವ ಜಿಗಿಹುಳು ಬೇಲಿ ನೋಡಿ ಹಾರುವುದಿಲ್ಲ. ಆಗ ಆ ಮನೆಯ ಹಿರಿಯರೇ ದಾಟುಗಲ್ಲು ದಾಟಿ ಬಂದರು. ಮರ ಸತ್ತ ಜಾಗಕ್ಕೆಲ್ಲ ಅವರು ಅಷ್ಟರಲ್ಲಿ ಕಾಫಿ ಹಾಕಿದ್ದರು. ಕೈಯಲ್ಲಿ ಎರಡು ಬುಟ್ಟಿ, ಬುಟ್ಟಿ ತುಂಬ ಕಾಫಿ ಸಸಿಯ ತೊಟ್ಟೆ. "ತಗೊಳ್ಳಿ ಮಾರಾಯ್ರೆ, ನೀರಿನ ಲೆಕ್ಕ ಆಮೇಲೆ ನೋಡುವಾ" ಎಂದರು. ಚಿಕ್ಕಪ್ಪ ಒಳಗೆ ಹೋಗಿ ಬೆಲ್ಲ, ನೀರು ತಂದರು. ನೀರಿನ ಲೆಕ್ಕ ಇನ್ನೂ ಪೂರ್ತಿ ಮುಗಿದಿಲ್ಲ. ಬೇಸಿಗೆ ಬಂದರೆ ಈಗಲೂ ನಾಲ್ಕು ಮಾತು ಆಗುತ್ತವೆ. ಆದರೆ ಅವರ ತೋಟ ಹಸುರಾಗಿರುವುದನ್ನು ಕಂಡು ಹೊಟ್ಟೆಯುರಿದುಕೊಳ್ಳುವ ಬುದ್ಧಿ ಅವತ್ತಿಗೆ ಹೋಯಿತು.

ನಿಮ್ಮ ಊರಿನಲ್ಲಿ ಬುಟ್ಟಿ ಹಿಡಿದು ದಾಟಿ ಬರುವವರು ಯಾರೂ ಇರಲಿಲ್ಲ. ಕ್ರಿ.ಪೂ. 149ರಲ್ಲಿ ನಿಮ್ಮ ಸೈನ್ಯ ಹೋಯಿತು. ಮೊದಲು ಮುನ್ನೂರು ಮನೆತನದ ಮಕ್ಕಳನ್ನು ಒತ್ತೆ ಕೇಳಿದರು, ಕಾರ್ಥೇಜಿನವರು ಕೊಟ್ಟರು. ಆಯುಧ ಒಪ್ಪಿಸಿ ಎಂದರು. ಎರಡು ಲಕ್ಷ ಜನರಿಗಾಗುವ ಕವಚ, ಎರಡು ಸಾವಿರ ಕವಣೆಯಂತ್ರ ಒಪ್ಪಿಸಿದರು ಎಂದು ಇತಿಹಾಸಕಾರ ಆಪ್ಪಿಯನ್ ಲೆಕ್ಕ ಕೊಡುತ್ತಾನೆ. ಬರಿಗೈಯಾದ ಮೇಲೆ ಕೊನೆಯ ಅಪ್ಪಣೆ ಬಂತು: ಊರು ಬಿಟ್ಟು ಸಮುದ್ರದಿಂದ ಹತ್ತು ಮೈಲಿ ಒಳಗೆ ಹೋಗಿ ನೆಲೆಸಿ. ಹಡಗನ್ನೇ ನಂಬಿ ಬದುಕಿದ ಜನಕ್ಕೆ ಅದು ಸಾವಿನ ಅಪ್ಪಣೆ. ಆಗ ಅವರು ತಿರುಗಿಬಿದ್ದರು. ಗುಡಿ, ಚಾವಡಿಗಳೆಲ್ಲ ಕಮ್ಮಾರಸಾಲೆಯಾದವು. ಹೊಸ ಕವಣೆಗಳಿಗೆ ಹಗ್ಗ ಹೊಸೆಯಲು ಹೆಂಗಸರು ತಲೆಗೂದಲು ಕೊಯ್ದುಕೊಟ್ಟರು. ಮೂರು ವರ್ಷ ತಡೆದರು. ಕ್ರಿ.ಪೂ. 146ರಲ್ಲಿ ಆರು ಹಗಲು ಆರು ರಾತ್ರಿ ಬೀದಿ ಬೀದಿಯಲ್ಲಿ ಕಾದಾಟವಾಗಿ ಊರು ಬಿತ್ತು. ಉಳಿದ ಐವತ್ತು ಸಾವಿರ ಜನ ಗುಲಾಮರಾದರು.

ಯುದ್ಧ ಶುರುವಾದ ವರ್ಷವೇ ನೀವು ಹೋದಿರಿ. ಇದನ್ನು ನೀವು ನೋಡಲಿಲ್ಲ. ನೋಡಿದವನು ನಿಮ್ಮ ಸೊಸೆಯ ಒಡಹುಟ್ಟಿದವನು, ಸಿಪಿಯೋ ಎಮಿಲಿಯಾನಸ್. ಗೆದ್ದ ಸೇನಾಪತಿ ಅವನೇ. ಉರಿಯುವ ಊರನ್ನು ನೋಡುತ್ತ ಅವನು ಅತ್ತ. ಟ್ರಾಯ್ ಪಟ್ಟಣದ ಅಳಿವಿನ ಬಗ್ಗೆ ಹೋಮರ್ ಹೇಳಿದ್ದನ್ನು ಬಾಯಲ್ಲಿ ಹೇಳಿಕೊಂಡ. ಏಕೆ ಎಂದು ಪಕ್ಕದಲ್ಲಿದ್ದ ಪೊಲಿಬಿಯಸ್ ಕೇಳಿದಾಗ, ಒಂದು ದಿನ ನನ್ನ ಊರಿಗೂ ಈ ಗತಿ ಬಂದೀತೆಂಬ ಭಯ ಎಂದ. (ಆ ನೆಲಕ್ಕೆ ರೋಮನರು ಉಪ್ಪು ಬಿತ್ತಿದರು ಎಂದು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಹಳಬರು ಯಾರೂ ಹಾಗೆ ಬರೆದಿಲ್ಲ. ಅದು ಇತ್ತೀಚಿನವರು ಸೇರಿಸಿದ್ದು. ನನ್ನಿಂದ ಕಲಿತ ಮಕ್ಕಳು ಇದನ್ನು ಓದಿದರೆ ತಿದ್ದಿಕೊಳ್ಳಲಿ.)

ಈಗ ನಿಮಗೆ ನೋವಾಗಬಹುದಾದ ಒಂದು ವಿಷಯ. ಕಾರ್ಥೇಜಿನ ಪುಸ್ತಕ ಭಂಡಾರಗಳನ್ನು ನಿಮ್ಮ ಸೆನೆಟ್ ಆಫ್ರಿಕಾದ ಸಣ್ಣಪುಟ್ಟ ರಾಜರಿಗೆ ಹಂಚಿಬಿಟ್ಟಿತು. ಒಂದನ್ನು ಮಾತ್ರ ಇಟ್ಟುಕೊಂಡಿತು. ಮಾಗೋ ಎಂಬ ಕಾರ್ಥೇಜಿನವನು ಬರೆದ ಬೇಸಾಯದ ಪುಸ್ತಕ, ಇಪ್ಪತ್ತೆಂಟು ಸಂಪುಟ. ಅದನ್ನು ಲ್ಯಾಟಿನ್ನಿಗೆ ತರಬೇಕೆಂದು ಸೆನೆಟ್ ತೀರ್ಮಾನಿಸಿತು. ಕಾರ್ಥೇಜಿನ ಭಾಷೆ ಬಲ್ಲವರನ್ನು ಕೂರಿಸಿದರು, ಅವರಲ್ಲಿ ಮುಂದಾದವನು ಸಿಲಾನಸ್. ಕೇಟೋ ಅಷ್ಟರಲ್ಲಿ ತನ್ನ ಪುಸ್ತಕ ಬರೆದಾಗಿದ್ದರೂ ಹೀಗೆ ಮಾಡಿದರು ಎಂದು ಪ್ಲಿನಿ ನಿಮ್ಮ ಹೆಸರು ಹಿಡಿದೇ ಬರೆದಿದ್ದಾನೆ. ಮುಂದೆ ಕೊಲುಮೆಲ್ಲಾ ಎಂಬ ನಿಮ್ಮವನೇ ಬೇಸಾಯಶಾಸ್ತ್ರದ ತಂದೆ ಎಂದು ಕರೆದದ್ದು ಈ ಮಾಗೋನನ್ನು. ಆ ಲ್ಯಾಟಿನ್ ಅನುವಾದವೂ ಕಳೆದುಹೋಗಿದೆ. ಬೇರೆಯವರು ಎತ್ತಿ ಹೇಳಿದ ಚೂರುಗಳಷ್ಟೇ ಸಿಗುತ್ತವೆ. ಅದರಲ್ಲಿ ಒಂದು: ಜಮೀನು ಕೊಂಡವನು ಪೇಟೆಯ ಮನೆ ಮಾರಿಬಿಡಬೇಕು, ಇಲ್ಲದಿದ್ದರೆ ಮನಸ್ಸು ಅಲ್ಲೇ ಇರುತ್ತದೆ ಎಂಬ ಅರ್ಥದ ಮಾತು. ಬೆಂಗಳೂರಿನಲ್ಲಿ ಸೈಟು ಮಾಡಿ ಅಡ್ಡಗದ್ದೆಯ ತೋಟವನ್ನು ಫೋನಿನಲ್ಲಿ ನೋಡಿಕೊಳ್ಳುವ ನಮ್ಮ ಮಕ್ಕಳಿಗೆ ಇದಕ್ಕಿಂತ ನೇರವಾಗಿ ಯಾರೂ ಹೇಳಿಲ್ಲ. ನೀವು ಇರಕೂಡದು ಎಂದ ಊರಿನ ಒಬ್ಬ ರೈತ, ಇಷ್ಟು ದೂರದ ಮಲೆನಾಡಿನಲ್ಲಿ ನನ್ನ ಜೊತೆ ಮಾತಾಡುತ್ತಾನೆ. ಇಪ್ಪತ್ತೆಂಟು ಸಂಪುಟದ ಜಾಗದಲ್ಲಿ ನಮಗೆ ಸಿಗುವುದು ಇಷ್ಟೇ ಎಂದು ನೆನೆದರೆ ಸಂಕಟವಾಗುತ್ತದೆ.

ನಮ್ಮ ಕಡೆಯೂ ಇಂಥದೇ ಒಂದು ಹಗೆ ಇತ್ತು, ಹಿರಿಯರೇ. ಅದರ ಕಥೆ ಹೇಳುವುದಕ್ಕೇ ಇಷ್ಟು ದೂರ ನಿಮ್ಮನ್ನು ಕರೆತಂದೆ.

ನಮ್ಮಿಂದ ಬಡಗಣಕ್ಕೆ, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಒಂದು ಶಾಸನಸ್ತಂಭ ಇದೆ. ಅಲ್ಲಿಯ ಮಯೂರಶರ್ಮ ಎಂಬ ಹುಡುಗ ವೇದ ಕಲಿಯಲು ಕಂಚಿಯ ಘಟಿಕೆಗೆ ಹೋಗಿ, ಅಲ್ಲಿ ಆಳುತ್ತಿದ್ದ ಪಲ್ಲವರ ಒಬ್ಬ ಕುದುರೆ ಸವಾರನ ಜೊತೆ ಜಗಳವಾಗಿ, ಅವಮಾನ ತಾಳದೆ ದರ್ಭೆ ಬಿಟ್ಟು ಕತ್ತಿ ಹಿಡಿದ ಎಂದು ಆ ಕಂಬ ಹೇಳುತ್ತದೆ. ಬನವಾಸಿಯ ಕದಂಬ ರಾಜ್ಯ ಹುಟ್ಟಿದ್ದು ಹಾಗೆ. ಕನ್ನಡ ನೆಲಕ್ಕೂ ಕಂಚಿಗೂ ಬಿದ್ದ ಮೊದಲ ಗಂಟು ಇದು. ಆಮೇಲೆ ಬಾದಾಮಿಯ ಚಾಲುಕ್ಯರು ಬಂದರು. ಇಮ್ಮಡಿ ಪುಲಕೇಶಿ ಕಂಚಿಯ ಮಹೇಂದ್ರವರ್ಮನ ಮೇಲೆ ಏರಿಹೋದ. ಅವನ ಕವಿ ರವಿಕೀರ್ತಿ 634ರಲ್ಲಿ ಐಹೊಳೆಯ ಮೇಗುತಿಯ ಕಲ್ಲಿನಲ್ಲಿ ಅದನ್ನು ಹೆಮ್ಮೆಯಿಂದ ಕೆತ್ತಿಸಿದ. ಎಂಟು ವರ್ಷದಲ್ಲಿ ಲೆಕ್ಕ ತಿರುಗಿತು. ಮಹೇಂದ್ರವರ್ಮನ ಮಗ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನು ಹಿಡಿದು ಸುಲಿದ. ಪುಲಕೇಶಿಯ ಕಥೆ ಅಲ್ಲಿಗೆ ಮುಗಿಯಿತು. ನರಸಿಂಹವರ್ಮ ವಾತಾಪಿಕೊಂಡ (ವಾತಾಪಿ ಎಂದರೆ ಬಾದಾಮಿಯೇ) ಎಂಬ ಬಿರುದು ತೊಟ್ಟು, ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನ ಬರೆಸಿದ. ಹದಿಮೂರು ವರ್ಷದ ಮೇಲೆ, 655ರಲ್ಲಿ, ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ. ಮತ್ತೆ ದಂಡು, ಮತ್ತೆ ಸೇಡು. ನಡುವೆ ಎಷ್ಟು ಹಳ್ಳಿ ಸುಟ್ಟವೋ, ಯಾವ ಕಲ್ಲೂ ಲೆಕ್ಕ ಇಟ್ಟಿಲ್ಲ.

ಇನ್ನು ಎರಡನೆಯ ವಿಕ್ರಮಾದಿತ್ಯನ ಮಾತು. ಪುಲಕೇಶಿ ಇವನಿಗೆ ಮುತ್ತಜ್ಜನ ಅಪ್ಪ. ಪಟ್ಟಕ್ಕೆ ಬಂದದ್ದು 733ರ ಹೊತ್ತಿಗೆ. ಯುವರಾಜನಾಗಿದ್ದ ಕಾಲ, ಮಗನನ್ನು ಕಳಿಸಿದ್ದು ಎಲ್ಲ ಸೇರಿ ಮೂರು ಸಲ ಕಂಚಿಯನ್ನು ಗೆದ್ದ ಹೆಸರು ಇವನಿಗೆ. ಪಲ್ಲವರ ನಂದಿವರ್ಮ ಓಡಿಹೋಗಿದ್ದ. ಊರು ತೆರೆದು ಬಿದ್ದಿತ್ತು. ನಿಮ್ಮ ಲೆಕ್ಕದಲ್ಲಿ ಆಗ ಏನಾಗಬೇಕಿತ್ತು ಎಂಬುದು ಗೊತ್ತೇ ಇದೆ. ವಿಕ್ರಮಾದಿತ್ಯ ಕಂಚಿಯನ್ನು ಹೊಕ್ಕ, ಆದರೆ ಕೆಡಿಸಲಿಲ್ಲ. ಅವನ ಮಗ ಕೀರ್ತಿವರ್ಮನ ವಕ್ಕಲೇರಿ ತಾಮ್ರಪಟದಲ್ಲಿ ಇದು ಸ್ಪಷ್ಟವಾಗಿದೆ. ಬಡವರಿಗೆ, ದಿಕ್ಕಿಲ್ಲದವರಿಗೆ ದಾನ ಮಾಡಿದ. ಪಲ್ಲವರು ಕಟ್ಟಿಸಿದ ರಾಜಸಿಂಹೇಶ್ವರ ಗುಡಿಯ, ಈಗ ಕೈಲಾಸನಾಥ ಎನ್ನುವ ಗುಡಿಯ, ಭಂಡಾರವನ್ನು ಕಣ್ಣಾರೆ ನೋಡಿ, ಅಷ್ಟು ಹೊನ್ನನ್ನೂ ದೇವರಿಗೇ ಬಿಟ್ಟ.

ಬಿಟ್ಟದ್ದನ್ನು ಬರೆಸಿಯೂ ಬಂದ. ಬರೆಸಿದ್ದು ಕನ್ನಡದಲ್ಲಿ. ತಮಿಳು ನೆಲದ ನಡುಮಧ್ಯದಲ್ಲಿ, ಪಲ್ಲವರ ಹೆಮ್ಮೆಯ ಗುಡಿಯ ಮಂಟಪದ ಕಂಬದ ಮೇಲೆ ಒಬ್ಬ ಗೆದ್ದ ಅರಸ ತನ್ನ ಭಾಷೆಯಲ್ಲಿ ಹೇಳಿಕೊಂಡದ್ದು, ನಾನು ಇಲ್ಲಿಂದ ಏನನ್ನೂ ಒಯ್ಯಲಿಲ್ಲ ಎಂಬ ಮಾತು. ಕೊನೆಗೆ ಒಂದು ಶಾಪವಿದೆ. ಈ ಅಕ್ಷರವನ್ನೂ ಈ ಧರ್ಮವನ್ನೂ ಕೆಡಿಸಿದವರು ಈ ಊರಿನ ಘಟಿಕೆಯ ಮಹಾಜನರನ್ನು ಕೊಂದವರ ಲೋಕಕ್ಕೆ ಹೋಗಲಿ ಎಂದು. ಮಯೂರಶರ್ಮನ ಕಥೆಯಲ್ಲಿ ಬರುವ ಕಂಚಿಯ ಘಟಿಕೆ! ನಾಲ್ಕು ಶತಮಾನದ ಹಿಂದೆ ಜಗಳ ಹುಟ್ಟಿದ ವಿದ್ಯೆಯ ಮನೆಯನ್ನೇ ಕನ್ನಡದ ಅರಸ ತನ್ನ ಆಣೆಗೆ ಹಿಡಿದ. ಪಾಠ ಹೇಳುವಾಗ ಈ ಜಾಗಕ್ಕೆ ಬಂದರೆ ನನ್ನ ದನಿ ಒಂದು ಕ್ಷಣ ನಿಲ್ಲುತ್ತಿತ್ತು.

ಕಂಚಿಯಿಂದ ಅವನು ತಂದದ್ದು ಬೇರೆ. ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ ನೋಡಿ. ಕಂಚಿಯ ಕೈಲಾಸನಾಥ ನೋಡಿದ ಕಣ್ಣಿಗೆ ಹೋಲಿಕೆ ಥಟ್ಟನೆ ಸಿಗುತ್ತದೆ. ಶಿಲ್ಪಿಗಳನ್ನೇ ಅಲ್ಲಿಂದ ಕರೆಸಿದರು ಎನ್ನುವವರಿದ್ದಾರೆ. ಹೌದೋ ಅಲ್ಲವೋ, ಹಗೆಯ ಊರಿನಲ್ಲಿ ಕಂಡ ಚೆಲುವನ್ನು ಇವರು ಮನೆಗೆ ತಂದು ಕಟ್ಟಿದರು. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಕಲ್ಲಿನಲ್ಲಿ ಬರೆಸಿದರು. ಅಂಜೂರದ ಕಡ್ಡಿ ಕೇಳಿ ತರುವುದು ಎಂದು ನಾನು ಹೇಳಿದ್ದು ಇದನ್ನೇ.

ಇವರು ಸಂತರು ಎಂದು ನಾನು ಹೇಳುತ್ತಿಲ್ಲ. ದಂಡೆತ್ತಿ ಹೋದವರೇ. ಹಾಗೆ ನಡೆದುಕೊಂಡದ್ದಕ್ಕೆ ಅವರಿಗೆ ರಾಜ್ಯ ಉಳಿಯಲೂ ಇಲ್ಲ: 753ರಲ್ಲಿ ರಾಷ್ಟ್ರಕೂಟರ ದಂತಿದುರ್ಗ ಚಾಲುಕ್ಯರನ್ನು ಕೆಡವಿದ. ನಿಮ್ಮ ರೋಮಾದರೋ ಕಾರ್ಥೇಜ್ ಸುಟ್ಟ ಮೇಲೆ ಐನೂರು ವರ್ಷ ಮೆರೆಯಿತು. ಒಳ್ಳೆಯದು ಮಾಡಿದವನು ಗೆಲ್ಲುತ್ತಾನೆ ಎಂದು ಮಕ್ಕಳಿಗೆ ಹೇಳಲು ಇತಿಹಾಸದ ಮೇಷ್ಟರಿಗೆ ಹಕ್ಕಿಲ್ಲ. ಆದರೆ ಬಾದಾಮಿಯಲ್ಲಿ ಪಲ್ಲವನ ಅಕ್ಷರ ಸವೆದಾದರೂ ಇದೆ, ಕಂಚಿಯಲ್ಲಿ ಚಾಲುಕ್ಯನ ಅಕ್ಷರ ಇದೆ. ನಮ್ಮ ಹುಡುಗಿ ಎದ್ದು ನಿಂತು ಕೇಳಿದರೆ ಎರಡೂ ಕಡೆಯವರ ಮಾತನ್ನು ಅವಳ ಮುಂದೆ ಇಡಬಲ್ಲೆ.

ಕಟ್ಟುಕಥೆಗಳು ಮಾತ್ರ ಎರಡೂ ಕಡೆ ಒಂದೇ ಥರ. ಕಾರ್ಥೇಜನ್ನು ಕಟ್ಟಿದ ರಾಣಿ ಡೈಡೋ ಒಂದು ಎತ್ತಿನ ಚರ್ಮ ಮುಚ್ಚುವಷ್ಟು ಜಾಗ ಬೇಡಿ, ಚರ್ಮವನ್ನು ಎಳೆ ಎಳೆಯಾಗಿ ಸೀಳಿ ಇಡೀ ಗುಡ್ಡವನ್ನೇ ಸುತ್ತಿದಳಂತೆ. ವಾಮನನ ಮೂರು ಹೆಜ್ಜೆ ಕೇಳಿ ಬೆಳೆದ ನಮ್ಮ ಮಕ್ಕಳು ಇದಕ್ಕೆ ಬಹಳ ಖುಷಿಪಡುತ್ತಿದ್ದರು. ಕಾರ್ಥೇಜ್ ಬೂದಿಯಾಗಿ ನೂರು ವರ್ಷ ಕಳೆದ ಮೇಲೆ ನಿಮ್ಮ ವರ್ಜಿಲ್ ಆ ಡೈಡೋಳನ್ನು ರೋಮಿನ ಮೂಲಪುರುಷ ಈನಿಯಾಸ್ ಕೈಬಿಟ್ಟ ಪ್ರೇಯಸಿಯಾಗಿ ಮಾಡಿ, ಸಾಯುವಾಗ ಅವಳ ಬಾಯಿಂದ ಹಗೆಯ ಶಾಪ ಹಾಕಿಸಿದ. ಅಲ್ಲಿಗೆ ಹಗೆ ದೈವಸಂಕಲ್ಪವಾಯಿತು, ಯಾರ ತಪ್ಪೂ ಉಳಿಯಲಿಲ್ಲ. ನಮ್ಮಲ್ಲಿ 1940ರ ದಶಕದಲ್ಲಿ ತಮಿಳಿನ ಕಾದಂಬರಿಕಾರ ಕಲ್ಕಿಯವರು ಶಿವಕಾಮಿ ಎಂಬ ನರ್ತಕಿಯನ್ನು ಸೃಷ್ಟಿಸಿ, ವಾತಾಪಿ ಉರಿಯುವುದನ್ನು ಕಾಣದೆ ಊರಿಗೆ ಬರುವುದಿಲ್ಲ ಎಂದು ಅವಳಿಂದ ಶಪಥ ಮಾಡಿಸಿದರು. ತಮಿಳರು ಆ ಕಾದಂಬರಿಯನ್ನು ಎದೆಗೊತ್ತಿಕೊಂಡು ಓದಿದರು. 1967ರಲ್ಲಿ ರಾಜ್‌ಕುಮಾರ್ ಇಮ್ಮಡಿ ಪುಲಿಕೇಶಿಯಾಗಿ ತೆರೆಗೆ ಬಂದಾಗ ನಾವು ಶಿಳ್ಳೆ ಹೊಡೆದೆವು. ಎರಡೂ ಸರಿಯೇ, ಕಥೆ ಕಥೆಯಾಗಿ ಇರಲಿ. ಮಗುವಿಗೆ ಹಾಲು ಕುಡಿಸಿ ಹೊಟ್ಟೆ ಸವರುತ್ತ ನಮ್ಮ ಹೆಂಗಸರು "ವಾತಾಪಿ ಜೀರ್ಣೋಭವ" ಎನ್ನುತ್ತಾರೆ, ಅಗಸ್ತ್ಯರ ಹೊಟ್ಟೆಯಲ್ಲಿ ಕರಗಿದ ರಾಕ್ಷಸನ ನೆನಪಿಗೆ. ಸಂಗೀತ ಕಛೇರಿಯಲ್ಲಿ ಮೊದಲಿಗೆ ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿಯ ಕೃತಿಯಲ್ಲಿ ವಾತಾಪಿಯ ಗಣಪತಿಗೆ ಕೈಮುಗಿಯುತ್ತೇವೆ. ಆ ಗಣಪತಿಯನ್ನು ಪಲ್ಲವರ ದಂಡನಾಯಕ ಬಾದಾಮಿಯಿಂದ ಒಯ್ದ ಎಂಬುದು ತಮಿಳುನಾಡಿನ ಐತಿಹ್ಯ. ಸೋತ ಊರಿನ ಹೆಸರು ಗೆದ್ದವರ ನಾಡಿನ ಹಾಡಿನಲ್ಲಿ ಮೊದಲ ಪದವಾಗಿ ನಿಂತಿದೆ. ಕಾರ್ಥೇಜಿನ ಒಂದು ದೇವರ ಹೆಸರನ್ನು ನಿಮ್ಮವರು ಹಾಗೆ ಹಾಡಿದ್ದಾರೆಯೇ?

ಯುದ್ಧ ನಮ್ಮ ಬಾಗಿಲಿಗೇ ಬಂದದ್ದೂ ಉಂಟು. 1791ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಬಂದ ಮರಾಠರ ಪರಶುರಾಮ ಭಾವುವಿನ ದಂಡಿನ ಪಿಂಡಾರಿಗಳು ಶೃಂಗೇರಿಯನ್ನು ಲೂಟಿ ಮಾಡಿದರು. ಶಾರದೆಯ ವಿಗ್ರಹ ಪೀಠ ಬಿಟ್ಟಿತು. ಮೂರನೆಯ ಸಚ್ಚಿದಾನಂದ ಭಾರತಿ ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಅವರು ಟಿಪ್ಪುವಿಗೆ ಬರೆದರು. ಅವನು ಉತ್ತರ ಬರೆದು, ಮತ್ತೆ ಪ್ರತಿಷ್ಠೆ ಮಾಡಿಸಲು ಬಿದನೂರಿನ ಅಧಿಕಾರಿಯಿಂದ ಹಣ, ದವಸ ಕೊಡಿಸಿದ. ಆ ಕಾಗದಗಳು ಕನ್ನಡದಲ್ಲಿವೆ, ಮಠದಲ್ಲಿ ಜೋಪಾನವಾಗಿದ್ದವು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವನ್ನು ಹೊರತಂದರು. ಅವುಗಳ ಅರ್ಥದ ಮೇಲೆ ಜನ ಇವತ್ತಿಗೂ ವಾದ ಮಾಡುತ್ತಾರೆ. ಮಾಡಲಿ. ಕಾಗದ ಉಳಿದಿದೆ, ಆದ್ದರಿಂದ ವಾದ ಮಾಡಲು ಸಾಧ್ಯವಾಗಿದೆ.

ನೀವು ಹೋದ ಮೇಲಿನ ಸುದ್ದಿ ನಿಮಗೆ ತಿಳಿಸಬೇಕು. ಯಾವುದು ಇರಕೂಡದು ಎಂದಿರೋ ಆ ಊರನ್ನು ಜೂಲಿಯಸ್ ಸೀಸರ್ ಮತ್ತು ಅಗಸ್ಟಸ್ ಮತ್ತೆ ಕಟ್ಟಿಸಿದರು, ಏಕೆಂದರೆ ಜಾಗ ಅಷ್ಟು ಚೆನ್ನಾಗಿತ್ತು. ನೀವು ತೀರಿಕೊಂಡು ಐನೂರೈವತ್ತು ವರ್ಷವಾದ ಮೇಲೆ, 408ರಲ್ಲಿ, ಅಲಾರಿಕ್ ಎಂಬ ಗಾಥರ ನಾಯಕ ರೋಮನ್ನು ಮುತ್ತಿ, ಬಿಟ್ಟುಹೋಗಲು ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿಯ ಜೊತೆ ಮೂರು ಸಾವಿರ ಪೌಂಡ್ ಕರಿಮೆಣಸೂ ಇತ್ತು. ಅದು ಈ ಪಶ್ಚಿಮಘಟ್ಟದ ಕಾಳು. 455ರಲ್ಲಿ ವ್ಯಾಂಡಲರ ರಾಜ ಗೈಸೆರಿಕ್ ಸಮುದ್ರ ದಾಟಿ ಬಂದು ಹದಿನಾಲ್ಕು ದಿನ ರೋಮನ್ನು ದೋಚಿದ. ಅವನ ಹಡಗು ಹೊರಟದ್ದು ಕಾರ್ಥೇಜಿನ ಬಂದರಿನಿಂದ. 1985ರ ಫೆಬ್ರುವರಿಯಲ್ಲಿ ರೋಮ್ ಮತ್ತು ಕಾರ್ಥೇಜಿನ ಮೇಯರುಗಳು ಕೂತು, ಮೂರನೆಯ ಯುದ್ಧ ಮುಗಿಯಿತು ಎಂದು ಒಪ್ಪಂದಕ್ಕೆ ಸಹಿ ಹಾಕಿದರು. ಮಾತಾಡಿಕೊಳ್ಳಲು 2,130 ವರ್ಷ ಹಿಡಿಯಿತು.

ನಿಮ್ಮ ಪುಸ್ತಕದ ಒಂದು ಮಾತು ನನ್ನನ್ನು ಬಹಳ ಕಾಡಿದೆ. ಮುದಿ ಎತ್ತು, ಮುದಿ ಗುಲಾಮ, ಕಾಯಿಲೆಯ ಗುಲಾಮ, ಇನ್ನೂ ಏನೇನು ಬೇಡವೋ ಎಲ್ಲ ಮಾರಿಬಿಡಿ ಎಂದಿದ್ದೀರಿ. ದುಡಿದು ಹಣ್ಣಾದ ಎತ್ತನ್ನೂ ನಾನು ಮಾರಲಾರೆ ಎಂದು ಪ್ಲುಟಾರ್ಕ್ ನಿಮ್ಮನ್ನು ಆಕ್ಷೇಪಿಸಿದ. ಗದ್ದೆ ಇದ್ದ ಕಾಲದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಕೆಂಪನೆಂಬ ಎತ್ತು ಉಳುಮೆ ಬಿಟ್ಟು ಆರು ವರ್ಷ ಇತ್ತು. ಅಮ್ಮ ಅದಕ್ಕೆ ಅಕ್ಕಚ್ಚು ಕೊಡದೆ ಊಟಕ್ಕೆ ಕೂತವಳಲ್ಲ. ಉಪಯೋಗ ಮುಗಿದದ್ದು ಇರಬಾರದು, ಎದುರು ನಿಂತದ್ದು ಇರಬಾರದು: ನಿಮ್ಮ ಎರಡು ಮಾತೂ ಒಂದೇ ಮನಸ್ಸಿನಿಂದ ಬಂದವು ಎಂದು ನನಗೆ ತೋರುತ್ತದೆ. ಅಲ್ಲಿ ನೀವು ದೊಡ್ಡ ತಪ್ಪು ಮಾಡಿದಿರಿ.

ಹಳದಿ ಎಲೆ ರೋಗದಲ್ಲಿ ಹೋದ ಮರಗಳ ಜಾಗದಲ್ಲಿ ನಾನು ಸ್ವಲ್ಪ ಮಂಗಳ ಅಡಿಕೆಯನ್ನೂ ಹಾಕಿದ್ದೇನೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು 1972ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಅದರ ಮೂಲ ಬೀಜ ಬಂದದ್ದು ಚೀನಾದಿಂದ. 1962ರಲ್ಲಿ ಚೀನಾದ ಜೊತೆ ನಮಗೆ ಯುದ್ಧವಾಯಿತು. ಹತ್ತು ವರ್ಷ ತುಂಬುವಾಗ ಆ ಗಿಡ ನಮ್ಮ ರೈತರ ಕೈಗೆ ಬಂತು. ಹಗೆಯ ನಾಡಿನದು ಎಂದು ಯಾರೂ ಕಿತ್ತು ಬಿಸಾಡಲಿಲ್ಲ. ಅದಕ್ಕೆ ಹಬ್ಬಿಸಿದ ಮೆಣಸು ಕೇರಳದ ಪಣಿಯೂರು.

ಕಾಗದ ಬಹಿರಂಗವಾದ್ದರಿಂದ, ಇದನ್ನು ಓದುವ ನಮ್ಮವರಲ್ಲಿ ಒಂದು ಕೇಳಿಕೆ. ಕಂಚಿಗೆ ಕಾಮಾಕ್ಷಿಯ ದರ್ಶನಕ್ಕೆ ಹೋಗುತ್ತೀರಿ, ಮದುವೆ ಸೀರೆಗೆ ಹೋಗುತ್ತೀರಿ. ಊರಿನ ಪಶ್ಚಿಮದ ಅಂಚಿನಲ್ಲಿ ಕೈಲಾಸನಾಥ ಗುಡಿ ಇದೆ. ಒಂದು ಗಂಟೆ ಬಿಡುವು ಮಾಡಿಕೊಂಡು, ಆ ಮಂಟಪದ ಕಂಬದಲ್ಲಿ ಕನ್ನಡ ಎಲ್ಲಿದೆ ಎಂದು ಅಲ್ಲಿಯವರನ್ನು ಕೇಳಿ. ಹಳೆಯ ಲಿಪಿ, ಓದಲು ಬರುವುದಿಲ್ಲ, ಪರವಾಗಿಲ್ಲ. ಜೊತೆಗೆ ಮಕ್ಕಳಿದ್ದರೆ ಅವರ ಬೆರಳು ಹಿಡಿದು ಆ ಅಕ್ಷರ ತೋರಿಸಿ, ಅಲ್ಲಿ ಬರೆದಿರುವುದು ಏನೆಂದು ಹೇಳಿ.

ಇತಿ,
ನಿಮ್ಮ ಹಾಗೆ ತೋಟ ಮಾಡಿಕೊಂಡಿರುವ
ಅಡ್ಡಗದ್ದೆಯ ಒಬ್ಬ ಮೇಷ್ಟ್ರು